ಬಾಯಿ ಬಿಡದ ಕಂಪ್ಯೂಟರ್

ಕೆಲಸ ಮಾಡುವಾಗ ಗೊಣಗುವುದು ತಮ್ಮನಿಗೆ ಹುಟ್ಟಿನಿಂದ ಅಂಟಿದ ಚಟ. ಬೆರಳು ಮಾಡಿದ್ದನ್ನೆಲ್ಲ ಬಾಯಿ ಹೇಳಲೇಬೇಕು. "ನಿನ್ನ ಪಕ್ಕ ಕೂತ್ರೆ ಕಿವಿಗೆ ಹತ್ತಿ ಬೇಕು ಕಣೋ" ಎಂದು ಅಕ್ಕ ಚಿಕ್ಕಂದಿನಿಂದಲೂ ರೇಗಿಸುತ್ತಿದ್ದಳು.

ಅಕ್ಕ ಸರಕು ಸಾಗಣೆ ಕಚೇರಿಯಲ್ಲಿ ಲಾರಿ ಬುಕ್ ಮಾಡುವವಳು. ದೃಷ್ಟಿ ಮಂಜಾಗುತ್ತ ಬಂದು ಈಗ ಪೂರ್ತಿ ಹೋಗಿತ್ತು. ಮ್ಯಾನೇಜರು ಕರುಣಾಳು, ಹಾಗಂತ ಅವರೇ ಎಲ್ಲರಿಗೂ ಹೇಳುತ್ತಿದ್ದರು. "ಯಾರೂ ಕೈ ಹಾಕದೆ ಒಂದೇ ಒಂದು ಲಾರಿ ಬುಕ್ ಮಾಡಿ ತೋರ್ಸಿ, ಕುರ್ಚಿ ನಿಮ್ದೇ. ಆಗ್ಲಿಲ್ಲಾಂದ್ರೆ ಮನೇಲಿ ಆರಾಮಾಗಿರಿ" ಎಂದಿದ್ದರು. ಆ 'ಆರಾಮ' ಕೇಳಿ ಅಕ್ಕನಿಗೆ ಮೈಯೆಲ್ಲ ಉರಿದಿತ್ತು.

ಆ ಬುಕಿಂಗ್ ತಂತ್ರಾಂಶ ತಯಾರಾಗುವುದು ತಮ್ಮನ ಕಂಪನಿಯಲ್ಲೇ. ತೆರೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಬೇರೆ ಎಲ್ಲ ಕಡೆ ವಟಗುಟ್ಟುತ್ತಿತ್ತು, ಇದನ್ನು ತೆರೆದರೆ ಮಾತ್ರ ಮೂಕವಾಗುತ್ತಿತ್ತು. ಯಾವ ಗುಂಡಿಗೂ ಹೆಸರೇ ಇರಲಿಲ್ಲ. ತಮ್ಮ ಹಟ ಹಿಡಿದು ಒಂದೊಂದಕ್ಕೂ ಹೆಸರಿಟ್ಟ. ಆದರೆ ಬೇರೆಯವರಿಗೆ ನಿಧಾನವಾದೀತೆಂದು ಅವನ ಬಾಸ್ ಈ ಸೌಲಭ್ಯವನ್ನು ಸೆಟ್ಟಿಂಗ್ಸ್‌ನ ಮೂರನೇ ಪುಟದ ಪುಟ್ಟ ಚೌಕವೊಂದಕ್ಕೆ ಸೇರಿಸಿದರು. ಬೇಕಾದವರು ಟಿಕ್ ಮಾಡಿಕೊಳ್ಳಲಿ. ಬಿಡುಗಡೆಯಾಗಿ ತಿಂಗಳು ಕಳೆದರೂ ಒಂದೂ ದೂರು ಬರಲಿಲ್ಲ.

"ನೋಡಿದ್ಯಾ, ಜನ ಎಷ್ಟು ಖುಷಿಯಾಗಿದಾರೆ!" ಎಂದು ಬಾಸ್ ಬೀಗಿದರು. ತಮ್ಮನೂ ಬೀಗಿದ. ಮನೆಯಲ್ಲಿ ಅವನ ಕಂಪ್ಯೂಟರಿನಲ್ಲಿ ಅಕ್ಕ ಲಾರಿ ಮೇಲೆ ಲಾರಿ ಬುಕ್ ಮಾಡಿದ್ದಳಲ್ಲ!

ಪರೀಕ್ಷೆಯ ದಿನ ಮ್ಯಾನೇಜರು ಅಕ್ಕನಿಗೆಂದೇ ಹೊಸ ಕಂಪ್ಯೂಟರ್ ತರಿಸಿದ್ದರು. ಜೊತೆಗೆ ಬಂದಿದ್ದ ತಮ್ಮ ಪಕ್ಕದಲ್ಲೇ ನಿಂತ. ಅಕ್ಕ ತಂತ್ರಾಂಶ ತೆರೆದಳು. ಸದ್ದಿಲ್ಲ. ಒಂದು ಕೀ ಒತ್ತಿದಳು, ಇನ್ನೊಂದು ಒತ್ತಿದಳು. ಕಂಪ್ಯೂಟರ್ ಕಮಕ್ ಕಿಮಕ್ ಎನ್ನಲಿಲ್ಲ.

"ಯಾಕೋ ಮಾತಾಡ್ತಿಲ್ಲ ಇದು?"

ತಮ್ಮನಿಗೆ ಈಗ ನೆನಪಾಯಿತು. ಮನೆಯಲ್ಲಿ ಆ ಚೌಕಕ್ಕೆ ಎಂದೋ ಟಿಕ್ ಹಾಕಿ ಮರೆತುಬಿಟ್ಟಿದ್ದ. ಇಲ್ಲಿ ಅದು ಖಾಲಿ. ಆ ಚೌಕ ಎಲ್ಲಿದೆಯೆಂದು ಧ್ವನಿ ಹೇಳಬೇಕಾದರೆ ಮೊದಲು ಅದಕ್ಕೇ ಟಿಕ್ ಹಾಕಿರಬೇಕು. ಕುರುಡರಿಗೆಂದು ಮಾಡಿದ ಬಾಗಿಲನ್ನು ಕಣ್ಣಿದ್ದವರು ಮಾತ್ರ ತೆಗೆಯುವಂತೆ ಮಾಡಿಟ್ಟಿದ್ದ ಈ ಮಹಾನುಭಾವ. ಅವನ ಕೈ ತಾನಾಗಿಯೇ ಮೌಸಿನತ್ತ ಹೋಯಿತು.

"ಕೈ ಹಾಕೋ ಹಾಗಿಲ್ಲ" ಎಂದರು ಕರುಣಾಳು.

ಕೈ ಹಿಂದೆ ಬಂತು. ಅಕ್ಕ ಕೀಲಿಮಣೆಯ ಮೇಲೆ ಬೆರಳಿಟ್ಟು ಕಾಯುತ್ತಿದ್ದಳು. ಅವಳ ಕುತ್ತಿಗೆ ಕೆಂಪಾಗಿತ್ತು. ತಮ್ಮನಿಗೆ ನಾಚಿಕೆಯಿಂದ ಸಾಯುವಂತಾಯಿತು. ಆ ಸಂಕಟದಲ್ಲಿ ಹಳೆಯ ಚಟ ತಾನಾಗಿ ಶುರುವಾಯಿತು.

"ಮೆನು... ಕೆಳಗೆ... ಇನ್ನೂ ಕೆಳಗೆ... ಸೆಟ್ಟಿಂಗ್ಸ್. ಎಂಟರ್."

ಅಕ್ಕನ ಬೆರಳು ಚಲಿಸಿತು. ತಮ್ಮ ಕಣ್ಣರಳಿಸಿ ತೆರೆ ನೋಡಿದ. ಆಮೇಲೆ ಥೇಟ್ ಯಂತ್ರದ ದನಿಯಲ್ಲೇ ಓದತೊಡಗಿದ: "ಮೊದಲನೇ ಪುಟ. ಎರಡನೇ ಪುಟ. ಮೂರನೇ ಪುಟ. ಚೌಕ, ಟಿಕ್ ಇಲ್ಲ."

ಅಕ್ಕ ಸ್ಪೇಸ್ ಒತ್ತಿದಳು. "ಚೌಕ, ಟಿಕ್ ಇದೆ. ಮತ್ತೆ ಶುರು ಮಾಡಬೇಕೇ? ಹೌದು, ಗುಂಡಿ."

"ಏನ್ರೀ ಇದು? ಕೈ ಹಾಕ್ಬೇಡಿ ಅಂದೆ!"

"ಕೈ ಎಲ್ಲಿ ಹಾಕ್ದೆ ಸಾರ್? ಬಾಯಿ ಹಾಕ್ದೆ."

ಅಷ್ಟರಲ್ಲಿ ಕಂಪ್ಯೂಟರೇ ಬಾಯಿ ಬಿಟ್ಟಿತು: "ಹೊಸ ಬುಕಿಂಗ್, ಗುಂಡಿ." ಅಕ್ಕ ನೆಟ್ಟಗೆ ಕೂತಳು. ಮ್ಯಾನೇಜರು ಮುಂದಿನ ಆಕ್ಷೇಪಣೆ ಹುಡುಕುವಷ್ಟರಲ್ಲಿ ಲಾರಿ ಬುಕ್ ಆಗಿತ್ತು.

"ನಾನು ಮೊದಲೇ ಹೇಳಿರ್ಲಿಲ್ವಾ, ಇವ್ರಿಗೆ ಆಗುತ್ತೆ ಅಂತ" ಎಂದರು ಅವರು, ಸುತ್ತ ನೆರೆದವರಿಗೆ.

ಮಾರನೆಯ ದಿನ ಬಾಸ್ ಮುಂದೆ ನಿಂತು, ಆ ಚೌಕ ಮೊದಲಿಂದಲೇ ಟಿಕ್ ಆಗಿರಲಿ ಎಂದು ತಮ್ಮ ಅಂಗಲಾಚಿದ.

"ಯಾಕೆ? ಒಬ್ರಾದ್ರೂ ದೂರು ಕೊಟ್ಟಿದಾರಾ?"

ತಮ್ಮನಿಗೆ ಆಗ ಹೊಳೆಯಿತು. ದೂರು ಕೊಡುವ ಗುಂಡಿ ಇದ್ದದ್ದು ಅದೇ ತಂತ್ರಾಂಶದೊಳಗೆ. ಅದಕ್ಕೆ ಹೆಸರಿಟ್ಟವನೂ ಅವನೇ. ಆ ಚೌಕಕ್ಕೆ ಟಿಕ್ ಹಾಕಲಾಗದವರಿಗೆ ಅದೂ ಮೂಕ. ಜನರ ಖುಷಿಯ ಗುಟ್ಟು ಇದು.

ಅಷ್ಟರಲ್ಲಿ ಬಾಸ್‌ನ ಕಂಪ್ಯೂಟರ್ ಟಿಣ್ ಎಂದಿತು. ತಮ್ಮ ಬಗ್ಗಿ ನೋಡಿ, ಚಟ ಬಿಡದೆ, ಗಟ್ಟಿಯಾಗಿಯೇ ಓದಿದ:

"ಮೊದಲ ದೂರು. ಈ ಚೌಕ ಇಲ್ಲಿಟ್ಟವರಿಗೆ ಕಣ್ಣಿದ್ದೂ ಕಾಣುವುದಿಲ್ಲ. ನನ್ನ ತಮ್ಮನನ್ನೂ ಸೇರಿಸಿ."