ಕಮಲಕ್ಕನ ಮನೆಗೂ ಮಸಿ ಬಿದ್ದ ನಕ್ಷೆ

ಮರ್ಕಂಜ ಊರಿನ ತೋಡಿನಾಚೆ, ಎಂದರೆ ಹಳ್ಳದ ಆಚೆ ದಡದಲ್ಲಿ, ಹನ್ನೊಂದು ಮನೆಗಳಿವೆ. ಶಾಲೆ, ಡೈರಿ, ಬಸ್ಸು, ಯಾವುದಕ್ಕೆ ಹೋಗುವುದಾದರೂ ಅಡಿಕೆ ಮರ ಅಡ್ಡ ಹಾಕಿದ ಪಾಲವನ್ನು ದಾಟಲೇಬೇಕು. ಕಳೆದ ಆಟಿ ತಿಂಗಳ ಜಡಿಮಳೆಯಲ್ಲಿ ಕಮಲಾವತಿಯ ಮಗಳು ಭವಿತಾ ಆ ಪಾಲದಿಂದ ಜಾರಿ ಬಿದ್ದು ಕೈ ಮುರಿದುಕೊಂಡಳು. ಸೇತುವೆ ಬೇಕೆಂದು ಕೊಟ್ಟ ಅರ್ಜಿಗಳಿಗೆ ಲೆಕ್ಕವಿಲ್ಲ. "ಆಚೆ ಬದಿಯಲ್ಲಿ ಓಟು ಎಲ್ಲಿ ಉಂಟು?" ಎಂದು ಯಾರೋ ಪೇಟೆಯಲ್ಲಿ ನಕ್ಕದ್ದು ಕಮಲಾವತಿಯ ಕಿವಿಗೂ ಬಿತ್ತು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಉರಿಯದೆ ಇರುತ್ತದೆಯೇ? ಅವಳು ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ. ಮದುವೆಯಾಗಿ ಇಪ್ಪತ್ತೆರಡು ವರ್ಷ, ಒಂದೇ ಒಂದು ಚುನಾವಣೆ ತಪ್ಪಿಸಿದವಳಲ್ಲ. ಓಟಿನ ದಿನ ಒಳ್ಳೆಯ ಸೀರೆ ಉಟ್ಟು, ಬಸ್ಸು ಹತ್ತಿ, ಬೆಳ್ಳಾರೆಯ ತವರಿಗೆ ಹೋಗುವಳು. ಅಲ್ಲಿ ಓಟು ಹಾಕಿ, ಅತ್ತಿಗೆ ಮಾಡಿದ ಕೋಳಿ ಸಾರು ಉಂಡು ಸಂಜೆಗೆ ಮರಳುವಳು. ಅಲ್ಲಿಯ ಮತದಾರರ ಪಟ್ಟಿಯಲ್ಲಿ ಅಪ್ಪ ಇರುವಾಗ ಅವರೇ ಬರೆಸಿದ ಹೆಸರು ಅದು. ಅವಳು ಹೋಗುವುದು ಓಟಿಗೋ ಕೋಳಿಗೋ ಎಂದು ಗಂಡ ಬೆಳ್ಯಪ್ಪ ತಮಾಷೆ ಮಾಡುತ್ತಿದ್ದ.

ಒಂದು ಭಾನುವಾರ ಸಂಘದ ಸಭೆಗೆ ಅಂಗನವಾಡಿ ಟೀಚರ್ ಸುಪ್ರಿತಾ ಬಂದರು. ಊರಿನ ಮತದಾರರ ಪಟ್ಟಿಯ ಕೆಲಸವೂ ಅವರದೇ. ನೂರು ವರ್ಷಕ್ಕೂ ಹಿಂದೆ ಅಮೆರಿಕದ ಹೆಂಗಸರು ಓಟಿಗಾಗಿ ಹೋರಾಡಿದ ಕಥೆಯನ್ನು ಅವರು ಹೇಳಿದರು. ಆಗ ಅಲ್ಲಿ ಕೆಲವು ರಾಜ್ಯಗಳಲ್ಲಿ ಮಾತ್ರ ಹೆಂಗಸರಿಗೆ ಓಟು ಇತ್ತಂತೆ. ಅವರು ದೇಶದ ನಕ್ಷೆ ಮಾಡಿ, ಓಟು ಇರುವ ರಾಜ್ಯಗಳಿಗೆ ಬಿಳಿ, ಇಲ್ಲದ ರಾಜ್ಯಗಳಿಗೆ ಕಪ್ಪು ಬಣ್ಣ ಕೊಟ್ಟು ಊರೂರಲ್ಲಿ ಅಂಟಿಸಿದರಂತೆ.

"ನಮಗೆ ಓಟು ಉಂಟು. ಆದರೆ ಎಲ್ಲಿ ಉಂಟು ಅಂತ ಒಮ್ಮೆ ನೋಡುವ" ಎಂದರು ಟೀಚರ್.

ಜಗಲಿಯ ನೆಲದ ಮೇಲೆ ರಂಗೋಲಿಯಲ್ಲಿ ತೋಡು ಎಳೆದು ಹನ್ನೊಂದು ಮನೆ ಬರೆದರು. ಮನೆಯ ಎಲ್ಲ ಹೆಂಗಸರ ಹೆಸರೂ ಇಲ್ಲಿಯ ಪಟ್ಟಿಯಲ್ಲಿದ್ದರೆ ರಂಗೋಲಿ, ಒಬ್ಬರದ್ದು ಇಲ್ಲದಿದ್ದರೂ ಮಸಿ ಪುಡಿ. ಮಸಿ ತುಂಬಿದ ತೆಂಗಿನ ಗೆರಟೆ ಹಿಡಿದವಳು ಕಮಲಾವತಿಯೇ. ಕಡಬದಿಂದ ಮದುವೆಯಾಗಿ ಬಂದವಳ ಹೆಸರು ಕಡಬದಲ್ಲೇ ಇತ್ತು. ನರಿಮೊಗರಿನವಳದ್ದು ನರಿಮೊಗರಿನಲ್ಲಿ. ಹತ್ತೊಂಬತ್ತು ತುಂಬಿದ ಆಸಿಯಾಳ ಹೆಸರು ಎಲ್ಲಿಯೂ ಇರಲಿಲ್ಲ. ಓಟೆಂದರೆ ಇಷ್ಟು ಉದಾಸೀನವೇ ಎಂದು ಕಮಲಾವತಿ ಒಬ್ಬೊಬ್ಬರಿಗೂ ಚೆನ್ನಾಗಿ ಬೈದು ಮಸಿ ಹಾಕುತ್ತಾ ಬಂದಳು. ಕೊನೆಗೆ ತನ್ನ ಮನೆ ಬಂದಾಗ ರಂಗೋಲಿಗೆ ಕೈ ಹಾಕಿದಳು. ಟೀಚರ್ ಆ ಕೈ ಹಿಡಿದುಕೊಂಡರು.

"ಕಮಲಕ್ಕ, ನಿಮ್ಮದಕ್ಕೂ ಮಸಿಯೇ."

"ಎಂತ ಟೀಚರೇ ನೀವು ಹೇಳುದು? ನಾನು ಒಂದು ಸಲವೂ ಓಟು ಬಿಟ್ಟವಳಲ್ಲ."

"ಬಿಟ್ಟಿಲ್ಲ ಅಕ್ಕ. ಆದರೆ ನೀವು ಅಷ್ಟೂ ಸಲ ಓಟು ಹಾಕಿದ್ದು ಅಣ್ಣನ ಮನೆಯ ರಸ್ತೆಗೆ. ಭವಿತಾ ಬಿದ್ದ ಪಾಲಕ್ಕೆ ನಿಮ್ಮದು ಒಂದು ಓಟೂ ಇಲ್ಲ."

ಕಮಲಾವತಿ ರಂಗೋಲಿಯಿಂದ ಕೈ ಹಿಂದೆ ತೆಗೆದಳು. ಮುಖ ಸಣ್ಣದಾಯಿತು, ಕಣ್ಣು ತುಂಬಿತು. ಹನ್ನೊಂದರಲ್ಲಿ ಏಳು ಮನೆ ಆಗಲೇ ಕಪ್ಪಾಗಿ ಎದುರಿಗೇ ಇತ್ತು, ಅವಳದ್ದು ಎಂಟನೆಯದು. ಪೇಟೆಯವರು ನಕ್ಕದ್ದು ಸುಳ್ಳಲ್ಲ.

"ಅಲ್ಲಿಂದ ಹೆಸರು ತೆಗೆದರೆ ತವರಲ್ಲಿ ನನ್ನದು ಅಂತ ಎಂತ ಉಳಿತದೆ?" ಎಂದಳು ಮೆಲ್ಲಗೆ.

ಅಣ್ಣನನ್ನೇ ಕೇಳಿ ಎಂದು ಟೀಚರ್ ಫೋನ್ ಹಚ್ಚಿ ಕೊಟ್ಟರು. ಎಲ್ಲ ಕೇಳಿ ಅಣ್ಣ ಗದರಿದ.

"ನಿನಗೆ ಊಟ ಹಾಕುದು ಓಟಿನ ಪಟ್ಟಿ ನೋಡಿಯಾ ಹುಚ್ಚಿ? ಹೆಸರು ಅಲ್ಲಿಗೇ ತಕ್ಕೊಂಡು ಹೋಗು. ಬರುದು ಮಾತ್ರ ಬಿಡಬೇಡ."

ಸೆರಗಿನಿಂದ ಕಣ್ಣೊರೆಸಿಕೊಂಡು, ಕಮಲಾವತಿ ತಾನೇ ತನ್ನ ಮನೆಯ ಮೇಲೆ ಮಸಿ ಹಾಕಿದಳು. ಆಮೇಲೆ ಫಾರಂ ಎಲ್ಲಿ ಎಂದು ಕೈ ಚಾಚಿದಳು. ವಿಳಾಸ ಬದಲಿಸಲು ಎಂಟನೇ ನಮೂನೆ, ಆಸಿಯಾಳಂಥ ಹೊಸಬರಿಗೆ ಆರನೇ ನಮೂನೆ. ಎರಡು ಕಡೆ ಹೆಸರು ಇಟ್ಟುಕೊಳ್ಳುವಂತಿಲ್ಲ ಎಂದು ಟೀಚರ್ ಬಿಡಿಸಿ ಹೇಳಿದರು. ಒಂದು ವಾರದೊಳಗೆ ಎಂಟೂ ಮನೆಯ ಫಾರಂ ಅವರ ಕೈ ಸೇರಿತು.

ಮುಂದಿನ ಪಂಚಾಯತ್ ಚುನಾವಣೆಗೆ ಓಟು ಕೇಳುವವರು ಮೊದಲ ಬಾರಿಗೆ ತೋಡಿನಾಚೆ ಬಂದರು. ಅವರಲ್ಲೊಬ್ಬರು ಪಾಲದ ನಡುವೆ ನಿಂತುಬಿಟ್ಟರು. ಮುಂದೆ ಬರಲು ಧೈರ್ಯ ಸಾಲದು, ಹಿಂದೆ ಹೋಗಲು ಮರ್ಯಾದೆ ಬಿಡುವುದಿಲ್ಲ. ಕಮಲಾವತಿ ನಾಲ್ಕು ಹೆಜ್ಜೆ ಪಾಲದ ಮೇಲೆ ಹೋಗಿ ಕೈ ಕೊಟ್ಟಳು.

"ನಿಧಾನ ಬನ್ನಿ ಮಾರಾಯ್ರೆ. ನನ್ನ ಮಗಳು ದಿನಾ ಇದರಲ್ಲೇ ಹೋಗುದು."

ಅಕ್ಕಂದಿರೇ, ತಂಗಿಯರೇ, ಗಂಡನ ಮನೆಗೆ ಬಂದು ಎಷ್ಟು ವರ್ಷವಾಯಿತು? ನಿಮ್ಮ ಹೆಸರು ಎಲ್ಲಿದೆ? ಇವತ್ತೇ ನಿಮ್ಮ ಮತಗಟ್ಟೆ ಮಟ್ಟದ ಅಧಿಕಾರಿಯನ್ನು ಕೇಳಿ, ಇಲ್ಲವೇ 1950ಕ್ಕೆ ಫೋನ್ ಮಾಡಿ. ನಿಮ್ಮ ಮಕ್ಕಳು ದಿನಾ ನಡೆಯುವ ದಾರಿ ಯಾವ ಊರಿನದೋ, ನಿಮ್ಮ ಓಟು ಆ ಊರಿನಲ್ಲಿರಲಿ.