ಬಾಗಿಲವರೆಗೆ ಫ್ಲಾರೆನ್ಸ್

ಸಿಡ್ನಿಯ ಕನ್ನಡಿಗರಲ್ಲಿ ಯಾರಾದರೂ ಯುರೋಪಿಗೆ ಹೋಗಿಬಂದರೆ ಎರಡು ಶಾಸ್ತ್ರ ತಪ್ಪಿಸುವಂತಿರಲಿಲ್ಲ. ಪರಿಚಯದ ಪ್ರತಿ ಮನೆಗೂ ಏನಾದರೂ ತಂದು ಕೊಡಬೇಕು. ಆಮೇಲೆ ಒಂದು ಭಾನುವಾರ ಎಲ್ಲರನ್ನೂ ಊಟಕ್ಕೆ ಕರೆದು, ಕರ್ಟನ್ ಎಳೆದು, ಗೋಡೆಯ ಮೇಲೆ ಸ್ಲೈಡ್ ತೋರಿಸಬೇಕು. ಉಂಡ ತಪ್ಪಿಗೆ ಬಂದವರು ನೋಡಬೇಕು. 1993ರ ಆ ಭಾನುವಾರ ಪ್ಯಾರಮಟ್ಟಾದ ಯೋಗೀಶನ ಮನೆಯಲ್ಲಿ ಫ್ಲಾರೆನ್ಸಿನ ಸರದಿ.

ಯೋಗೀಶನ ಹೆಂಡತಿ ಅನಸೂಯಾ ಸೋಫಾದ ತುದಿಯಲ್ಲಿ ಕೂತಿದ್ದಳು. ಮುಖವೇನೋ ಗೋಡೆಯ ಕಡೆಗೇ ಇತ್ತು. ಕಾಣುತ್ತಿದ್ದದ್ದು ಗೋಡೆಯ ಅಂಚು ಮಾತ್ರ, ನಟ್ಟನಡುವೆ ಬೂದು ಮಬ್ಬು. ಹೋದ ಬೇಸಿಗೆಯಲ್ಲಿ ತಂಗಿ ವಸಂತಾಳ ಮನೆಗೆಂದು ಮೆಲ್ಬರ್ನ್‌ಗೆ ಹೋದವಳು ಅಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡಿದ್ದಳು. ಎರಡೂ ಕಣ್ಣಲ್ಲಿ ನೋಟದ ನಡುಭಾಗ ಹೋಗುತ್ತಿದೆ, ನೋಡಬೇಕಾದ್ದನ್ನು ಈಗಲೇ ನೋಡಿಬಿಡಿ ಎಂದಿದ್ದರು ಅವರು. ಗಂಡನಿಗೆ ಹೇಳಕೂಡದೆಂದು ತಂಗಿಯ ಬಾಯಿಗೆ ಬೀಗ ಹಾಕಿ ಬಂದಳು. ಹೇಳಿದ್ದರೆ ಯೋಗೀಶ ಯುರೋಪಿನ ಟಿಕೆಟ್ ಕ್ಯಾನ್ಸಲ್ ಮಾಡಿಸಿ, ಸಿಡ್ನಿಯ ಡಾಕ್ಟರುಗಳನ್ನೆಲ್ಲ ಸುತ್ತಿಸುತ್ತಿದ್ದ.

ಅವಳಿಗೆ ನೋಡಬೇಕಾಗಿದ್ದದ್ದು ಒಂದೇ ಒಂದು ಚಿತ್ರ. ಮೈಸೂರಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದ ಕಾಲದಲ್ಲಿ ಕ್ಯಾಲೆಂಡರಿನಲ್ಲಿ ಸಿಕ್ಕಿದ್ದು. ಕಡಲ ಚಿಪ್ಪಿನ ಮೇಲೆ ನಿಂತು ದಡಕ್ಕೆ ಬರುತ್ತಿರುವ ಹೆಣ್ಣು, ಮೈಮೇಲೆ ಉದ್ದನೆಯ ಕೂದಲು ಬಿಟ್ಟರೆ ಬೇರೇನೂ ಇಲ್ಲ. ಹೆಡ್‌ಮಿಸ್ಟ್ರೆಸ್ ಕಂಡರೆ ಗತಿಯೇನೆಂದು ಮನೆಗೊಯ್ದು ಸೀರೆಗಳ ಅಡಿಯಲ್ಲಿಟ್ಟಿದ್ದಳು. ಮೈಸೂರು ಶೈಲಿಯ ಚಿತ್ರಗಳಿಗೆ ಚಿನ್ನದ ರೇಕು ಅಂಟಿಸಿ ಪಳಗಿದ ಕೈ ಅವಳದು. ಆ ಕೂದಲಿನ ಹೊಳಪು ಚಿನ್ನವೋ, ಬರೀ ಹಳದಿಯೋ? ಅದು ಕಾಗದದಲ್ಲಿ ತಿಳಿಯುವುದಲ್ಲ, ಫ್ಲಾರೆನ್ಸಿನ ಚಿತ್ರಶಾಲೆಯಲ್ಲಿರುವ ಮೂಲಚಿತ್ರದ ಎದುರು ನಿಂತೇ ನೋಡಬೇಕು.

ಫ್ಲಾರೆನ್ಸಿನಲ್ಲಿ ಯೋಗೀಶನ ಕೈಯಲ್ಲಿ ಹೊಸ ಕ್ಯಾಮೆರಾ. ಗುಮ್ಮಟ ಕಂಡರೂ ಸರಿ, ಸೇತುವೆ ಕಂಡರೂ ಸರಿ, “ಅಲ್ಲಿ ನಿಂತ್ಕೋ ಅನು, ಈ ಕಡೆ ತಿರುಗು. ಮನೆಗ್ಹೋಗಿ ನಿಧಾನವಾಗಿ ನೋಡೋಣ,” ಎನ್ನುತ್ತಿದ್ದ. ಊರು ನೋಡಲು ಹೋದವಳು ಊರಿಗೆ ಬೆನ್ನು ಹಾಕಿಯೇ ನಿಂತಳು. ಮಧ್ಯಾಹ್ನ ಹೋಟೆಲ್ ರೂಮಿನಲ್ಲಿ ಪುಳಿಯೋಗರೆ, ಬೀದಿಯ ಬ್ರೆಡ್ಡಿನ ಘಮ ಕಿಟಕಿಯಾಚೆಗೇ ಉಳಿಯಿತು. ಸಂಜೆ ಚರ್ಮದ ಅಂಗಡಿಗಳಲ್ಲಿ ಸಿಡ್ನಿಯ ಮನೆಮನೆಗೂ ಒಂದೊಂದು ಪರ್ಸು. ಚಿತ್ರಶಾಲೆಗೆ ಹೋಗಲು ಬಿಡುವಾದದ್ದು ಕೊನೆಯ ದಿನ. ಬಾಗಿಲಲ್ಲಿ ಕ್ಯಾಮೆರಾ ಕೌಂಟರಿಗೆ ಕೊಡಿ ಎಂದರು. ಯೋಗೀಶ ಪರದೇಶದಲ್ಲಿ ಯಾರ ಕೈಗೂ ಅದನ್ನು ಕೊಡುವವನಲ್ಲ.

“ನೀನೊಬ್ಳೇ ಹೋಗ್ಬಾ. ನಾನಿಲ್ಲೇ ಮೆಟ್ಲ ಮೇಲೆ ಕೂತಿರ್ತೀನಿ,” ಎಂದ.

ಪ್ರೀತಿಯಿಂದಲೇ ಅಂದ, ಪಾಪ. ಆದರೆ ಅಷ್ಟು ಹೊತ್ತಿಗೆ ಅನಸೂಯಾಗೆ ಬೋರ್ಡಿನ ಅಕ್ಷರ ಕೂಡುತ್ತಿರಲಿಲ್ಲ, ಮೆಟ್ಟಿಲು ಅಂದಾಜಾಗುತ್ತಿರಲಿಲ್ಲ. ಯಾರಾದರೂ ಕೈಹಿಡಿದು ಆ ಗೋಡೆಯ ಮುಂದೆ ನಿಲ್ಲಿಸಿದ್ದರೆ, ತಲೆ ಓರೆ ಮಾಡಿ, ಕಣ್ಣಂಚಿನಲ್ಲಾದರೂ ನೋಡಿಕೊಳ್ಳುತ್ತಿದ್ದಳು. ಹೇಳಿಬಿಡೋಣವೆಂದು ಬಾಯಿ ತೆರೆದಳು.

“ಬೇಡ ಬಿಡಿ, ನಂಗೂ ಕಾಲು ನೋವು.”

ಬಾಯಿಂದ ಬಂದದ್ದು ಅದು. ತನ್ನ ಗುಟ್ಟು ತನಗೇ ಅಡ್ಡ ನಿಂತಿತೆಂದು ವಿಮಾನದಲ್ಲಿ ಕಂಬಳಿ ಮುಸುಕು ಹಾಕಿಕೊಂಡು ಅತ್ತಳು.

ಈಗ ಪ್ರೊಜೆಕ್ಟರ್ ಕಟಕ್ಕೆಂದಿತು.

“ಇದು ಚಿತ್ರಶಾಲೆ ಬಾಗಿಲಲ್ಲಿದ್ದ ಪೋಸ್ಟರು, ಮುಂದೆ ನಿಂತಿರೋದು ಅನು,” ಯೋಗೀಶ ವಿವರಿಸಿದ. “ಒಳಗಿರೋದೇ ಹೊರಗೂ ಇತ್ತು, ಕ್ಯೂ ನಿಲ್ಲೋ ಕಷ್ಟ ತಪ್ತು!”

ಗೆಳತಿ ಭಾಗೀರಥಿ ಕಿಲಕಿಲ ನಕ್ಕಳು. “ಅಯ್ಯೋ, ಆ ಹುಡುಗೀನ ಪೂರ್ತಿ ಮುಚ್ಚಿಬಿಟ್ಟಿದೀಯಲ್ಲೇ ಅನಸೂಯಾ! ಅವಳ ಕೂದ್ಲು ಮಾತ್ರ ನಿನ್ ಪಕ್ಕದಲ್ಲಿ ಇಣುಕ್ತಿದೆ.”

ಎಲ್ಲರೂ ನಕ್ಕರು. ಅನಸೂಯಾನೂ ನಕ್ಕಳು.

“ಅನು, ನೀನೇ ತೋರ್ಸು. ಡ್ರಾಯಿಂಗ್ ಟೀಚರ್ ಅಲ್ವಾ, ಆ ಕೂದಲಿನ ಬಗ್ಗೆ ಹೇಳ್ತಿದ್ಯಲ್ಲ,” ಎಂದು ಯೋಗೀಶ ಕೈಗೆ ಕೋಲು ಕೊಟ್ಟ.

ಎದ್ದಳು. ನಗುನಗುತ್ತಲೇ ಹೋಗಿ ಕೋಲು ಎತ್ತಿದಳು. ಅದು ಚಿತ್ರ ದಾಟಿ, ಬೆಳಕೇ ಬೀಳದ ಬರಿಗೋಡೆಗೆ ತಗುಲಿತು. ಅಲ್ಲೇ ಹಿಡಿದುಕೊಂಡು, “ಇದು ನೋಡಿ,” ಎಂದಳು.

ಯಾರೂ ನಗಲಿಲ್ಲ. ಭಾಗೀರಥಿ ತಟ್ಟೆ ಕೆಳಗಿಟ್ಟಳು.

“ಯಾವಾಗಿಂದ?” ಯೋಗೀಶನ ದನಿ ಇಳಿದಿತ್ತು.

“ಹೊರಡೋಕ್ಕೂ ಮುಂಚಿನಿಂದ್ಲೇ.”

“ಹಾಗಾದ್ರೆ ಆವತ್ತು ಬಾಗಿಲಲ್ಲಿ…”

ಅನಸೂಯಾ ಕೋಲು ಇಳಿಸಿದಳು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

“ರೀ, ನೀವೇ ಹತ್ರ ಹೋಗಿ ನೋಡಿ ಹೇಳಿ. ಅದು ಚಿನ್ನಾನಾ, ಹಳದಿ ಬಣ್ಣಾನಾ?”

ಯೋಗೀಶ ಗೋಡೆಗೆ ಮುಖ ತಾಗುವಷ್ಟು ಹತ್ತಿರ ಹೋದ. ಅವನ ನೆರಳು ಚಿತ್ರದ ಮೇಲೆ ಬಿತ್ತು. ಪಕ್ಕಕ್ಕೆ ಸರಿದ, ಬಗ್ಗಿದ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಬಹಳ ಹೊತ್ತು ನೋಡಿದ.

“ಫೋಟೋದಲ್ಲಿ ಗೊತ್ತಾಗ್ತಿಲ್ಲ, ಅನು,” ಎಂದ.