ಎಡಗಡೆಯ ದನಿ

ಬುಧವಾರ ಬೆಳಿಗ್ಗೆ ಫೋನು ಬಂದಾಗ ಪಂಕಜಾ ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದರು. ಮಾತಾಡಿದವರು ವೈಟ್‌ಫೀಲ್ಡಿನ ಮುರಿಗೆಪ್ಪ. ದಾವಣಗೆರೆ ಕಡೆ ಪಾಲಿಟೆಕ್ನಿಕ್‌ನಲ್ಲಿ ಮೇಷ್ಟ್ರಾಗಿ ನಿವೃತ್ತರಾದವರು, ಈಗ ಹೆಂಡತಿಯೊಂದಿಗೆ ಮಗಳ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಅವರ ಹಳೆಯ ವಾಲ್ವ್ ರಿಸೀವರನ್ನು, ಗಾಜಿನ ವಾಲ್ವ್‌ಗಳಿಂದ ಎರಡು ಸ್ಪೀಕರಿಗೆ ದನಿ ಕಳಿಸುವ ರೇಡಿಯೋ ಪೆಟ್ಟಿಗೆಯನ್ನು, ಎರಡು ವಾರದ ಹಿಂದಷ್ಟೇ ಪಂಕಜಾ ರಿಪೇರಿ ಮಾಡಿ ಕಳಿಸಿದ್ದರು.

"ಮೇಡಂ ಅವರ, ಹತ್ತು ದಿನ ಗಂಟಿ ಬಾರಿಸಿದಂಗ ಹಾಡ್ತು ನೋಡ್ರಿ. ಮೊನ್ನೆಯಿಂದ ಎಡಗಡೆ ದನಿ ಬಾಳ ಕಮ್ಮಿ ಆಗೈತಿ. ಬಲಗಡೆ ಹಂಗೇ ಐತಿ."

"ಬ್ಯಾಲೆನ್ಸ್ ಗುಂಡಿ ತಿರುಗಿಸಿ ನೋಡಿದ್ರಾ ಸಾರ್?"

"ಕೊನೀತನಕ ತಿರುವೀನ್ರಿ, ಎರಡೂ ಸಮ ಆಗವಲ್ವು. ನಾನೇ ಕುರ್ಚಿ ಎಳಕಂಡು ಎಡಗಡೆ ಸ್ಪೀಕರ್ ಪಕ್ಕ ಕುಂತೀನಿ."

ಅಷ್ಟರಲ್ಲಿ ಅವರ ಮಗಳು ಕಾವ್ಯಾ ಫೋನು ತೆಗೆದುಕೊಂಡಳು. "ಆಂಟಿ, ತಪ್ಪು ತಿಳ್ಕೋಬೇಡಿ. ರಿಪೇರಿಯವರು ಒರಿಜಿನಲ್ ವಾಲ್ವ್ ತೆಗೆದು ಬೇರೆ ಹಾಕಿಬಿಡ್ತಾರೆ ಅಂತ ಆನ್‌ಲೈನ್‌ನಲ್ಲಿ ಓದಿದೆ. ನೀವೇನಾದ್ರೂ ಬದಲಾಯಿಸಿದ್ರಾ?"

"ಇಲ್ಲಮ್ಮ. ಇದ್ದ ವಾಲ್ವೇ ಇವೆ. ಶನಿವಾರ ನಾನೇ ಬಂದು ನೋಡ್ತೀನಿ."

ಫೋನು ಇಟ್ಟ ಮೇಲೆ ಕೈ ಹುರುಳಿಕಾಯಿಗೆ ಹೋಗಲಿಲ್ಲ. ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ಟೆಸ್ಟಿಂಗ್ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೂತ ಹೆಂಗಸು ಅವರು. ವಿಭಾಗ ಮುಚ್ಚಿದ ಮೇಲೆ ಟಿ. ದಾಸರಹಳ್ಳಿಯ ಮನೆಯ ಮುಂದಿನ ಕೋಣೆಯಲ್ಲೇ ಒಂದು ಮೇಜು ಹಾಕಿಕೊಂಡು ಹಳೆಯ ರೇಡಿಯೋ, ಆಂಪ್ಲಿಫೈಯರ್‌ಗಳನ್ನು ರಿಪೇರಿ ಮಾಡುತ್ತಿದ್ದರು. ಕಳ್ಳತನದ ಮಾತು ಚುಚ್ಚಿತು, ನಿಜ. ಆದರೆ ಆ ವಿಷಯದಲ್ಲಿ ಅವರ ಮನಸ್ಸು ಶುದ್ಧವಾಗಿತ್ತು. ಅವರನ್ನು ಕಾಡಿದ್ದು ಬೇರೆ ವಿಷಯ.

ಆ ರಿಸೀವರಿನ ಹಳೆಯ ಕೆಪಾಸಿಟರ್‌ಗಳನ್ನೆಲ್ಲ ಬದಲಾಯಿಸಿ, ಕರೆಂಟು ಕೊಟ್ಟು ಪರೀಕ್ಷೆ ಮಾಡುತ್ತಿದ್ದಾಗ ಅವರ ಕೈಯಿಂದ ಸ್ಕ್ರೂಡ್ರೈವರ್ ಜಾರಿತ್ತು. ಎಡಗಡೆ ಸ್ಪೀಕರಿಗೆ ದನಿ ಕಳಿಸುವ ಟ್ರಾನ್ಸ್‌ಫಾರ್ಮರಿನ ತುದಿಗೆ ತಾಗಿ ಚಟ್ ಎಂದು ಕಿಡಿ ಹಾರಿತ್ತು. ಆಮೇಲೆ ಹಾಡಿಸಿ ನೋಡಿದರೆ ಏನೂ ಆಗಿರಲಿಲ್ಲ. ಏನೂ ಆಗಿಲ್ಲವಲ್ಲ ಎಂದು ಯಾರಿಗೂ ಹೇಳಿರಲಿಲ್ಲ. ಈಗ ಅದೇ ಎಡಗಡೆ ದನಿ ಇಳಿದಿದೆ.

ಗುರುವಾರವೂ ಊಟ ಸೇರಲಿಲ್ಲ. ಗಂಡ ಶ್ಯಾಮಸುಂದರ ತಟ್ಟೆ ನೋಡಿ ಕೇಳಿದರು, "ಏನಾಗಿದೆ ಹೇಳಬಾರದೇನೇ?"

ಪಂಕಜಾ ಹೇಳಿದರು. ಶ್ಯಾಮಸುಂದರ, "ಇದ್ದದ್ದು ಇದ್ದ ಹಾಗೆ ಅವರಿಗೆ ಹೇಳ್ಬಿಡು" ಎಂದರು.

"ಹೇಳ್ತೀನಿ ರೀ. ಹೇಳಿದ್ಮೇಲೆ? ವಾಲ್ವ್ ಆದ್ರೆ ಎಲ್ಲಾದ್ರೂ ಹುಡುಕಬಹುದು. ಅರವತ್ತು ವರ್ಷದ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿದ್ರೆ ನಾನು ಎಲ್ಲಿಂದ ತಂದ್ಕೊಡ್ಲಿ?"



ಶನಿವಾರ ಮೆಟ್ರೋ ಹಿಡಿದು, ಮೆಜೆಸ್ಟಿಕ್‌ನಲ್ಲಿ ರೈಲು ಬದಲಾಯಿಸಿ ಪಂಕಜಾ ವೈಟ್‌ಫೀಲ್ಡ್ ಮುಟ್ಟುವ ಹೊತ್ತಿಗೆ ಹನ್ನೊಂದು ದಾಟಿತ್ತು. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿಯವನು ಚೀಲದಿಂದ ಬೆಸುಗೆ ಕಡ್ಡಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

"ಇದೇನ್ ಮೇಡಂ?"

"ರೇಡಿಯೋ ರಿಪೇರಿ ಮಾಡೋದಪ್ಪ."

"ನೀವಾ?"

"ಹ್ಞೂಂ, ನಾನೇ."

ಅವನು ಒಂಬತ್ತನೇ ಮಹಡಿಗೆ ಫೋನು ಮಾಡಿ, ಒಪ್ಪಿಗೆ ಸಿಕ್ಕ ಮೇಲೆ ಒಳಗೆ ಬಿಟ್ಟ.

ಬಾಗಿಲು ತೆರೆದದ್ದು ಮುರಿಗೆಪ್ಪನವರ ಹೆಂಡತಿ ಮಹಾದೇವಿ. ಮಜ್ಜಿಗೆ ತಂದಿಟ್ಟರು. ಪಂಕಜಾ ಒಂದು ಗುಟುಕು ಕುಡಿದು ನೇರ ಕೆಲಸಕ್ಕೆ ಕೂತರು. ಮುರಿಗೆಪ್ಪ ಒಂದು ವಚನದ ರೆಕಾರ್ಡು ಹಾಕಿದರು. ಹಾಡುವವರು ಎದುರಿಗೆ, ನಟ್ಟನಡುವೆ ನಿಂತಂತೆ ಕೇಳಬೇಕಾಗಿದ್ದ ದನಿ ಬಲಗಡೆಯ ಗೋಡೆಗೆ ಒರಗಿಕೊಂಡಂತಿತ್ತು. ಎಡಗಡೆಯಿಂದ ಬರುತ್ತಿದ್ದದ್ದು ಸ್ವಚ್ಛವಾಗಿಯೇ ಇತ್ತು. ಒಡಕಿಲ್ಲ, ಗೊರಗೊರ ಇಲ್ಲ. ಆದರೆ ಅರ್ಧಕ್ಕರ್ಧ ಕಡಿಮೆ.

ಪಂಕಜಾ ಮೊದಲು ಎರಡೂ ಸ್ಪೀಕರಿನ ವೈರುಗಳನ್ನು ಅದಲುಬದಲು ಮಾಡಿದರು. ಈಗ ಬಲಗಡೆಯ ಸ್ಪೀಕರು ಮೆತ್ತಗಾಯಿತು.

"ಅಂದ್ರೆ ಸ್ಪೀಕರ್ ಸರಿ ಇದೆ. ತೊಂದರೆ ಇರೋದು ರಿಸೀವರ್‌ನಲ್ಲಿ" ಎಂದರು.

ವೈರುಗಳನ್ನು ಮತ್ತೆ ಮೊದಲಿನಂತೆ ಹಾಕಿ, ಸ್ವಿಚ್ ಆರಿಸಿ, ವಾಲ್ವ್‌ಗಳು ತಣ್ಣಗಾಗಲು ಬಿಟ್ಟು, ಎಡಗಡೆಯವನ್ನು ಬಲಕ್ಕೂ ಬಲಗಡೆಯವನ್ನು ಎಡಕ್ಕೂ ಕೂರಿಸಿದರು. ಕಾವ್ಯಾ ಪಕ್ಕದಲ್ಲೇ ಕೂತು ಒಂದೊಂದನ್ನೂ ನೋಡುತ್ತಿದ್ದಳು. ಮುರಿಗೆಪ್ಪ ಒಂದು ವಾಲ್ವನ್ನು ಕೈಗೆ ತೆಗೆದುಕೊಂಡು ಬುಡದಲ್ಲಿದ್ದ ಕೆಂಪು ಮಸಿಯ ಗುರುತು ತೋರಿಸಿದರು.

"ನೋಡವ್ವಾ, ಇದು ನಾನೇ ಬರೆದ ನಂಬರ್. ನಾಲ್ಕರ ಮ್ಯಾಲೂ ಐತಿ. ಎಲ್ಲಾ ನಮ್ಮವೇ."

ಕಾವ್ಯಾಳ ಮುಖ ಕೆಂಪಾಯಿತು. "ಸಾರಿ ಆಂಟಿ."

"ಕೇಳಿದ್ದು ಒಳ್ಳೇದೇ ಆಯ್ತು ಬಿಡಮ್ಮ" ಎಂದರು ಪಂಕಜಾ. ಆದರೆ ರಿಸೀವರ್ ಮತ್ತೆ ಹಾಡತೊಡಗಿದಾಗ, ವಾಲ್ವ್ ಬದಲಾದರೂ ದನಿ ಇಳಿದಿದ್ದದ್ದು ಎಡಗಡೆಯೇ. ವಾಲ್ವಿನ ತಪ್ಪಲ್ಲ ಎಂದಾಯಿತು. ಉಳಿದ ಅನುಮಾನಗಳ ಪೈಕಿ ಟ್ರಾನ್ಸ್‌ಫಾರ್ಮರೇ ದೊಡ್ಡದು.

ಕರೆಂಟು ತೆಗೆದು, ಒಳಗೆ ಉಳಿದ ಚಾರ್ಜನ್ನೂ ಖಾಲಿ ಮಾಡಿ, ಪೆಟ್ಟಿಗೆ ಬೋರಲು ಹಾಕಿದರು. ಮೀಟರಿನ ಕಡ್ಡಿಗಳನ್ನು ಹಿಡಿಯುವ ಮೊದಲು ತಲೆಯೆತ್ತಿ, "ಸಾರ್, ಒಂದು ಮಾತು ಹೇಳಬೇಕು" ಎಂದರು. ಕಿಡಿ ಹಾರಿದ್ದನ್ನು ಹೇಳಿದರು. ಮುಚ್ಚಿಟ್ಟದ್ದನ್ನೂ ಹೇಳಿದರು.

ಮುರಿಗೆಪ್ಪ ಬಗ್ಗಿ ಎಡಗಡೆಯ ಟ್ರಾನ್ಸ್‌ಫಾರ್ಮರ್ ನೋಡಿದರು. ಅಡುಗೆಮನೆಯಲ್ಲಿ ಮಹಾದೇವಿ ರೊಟ್ಟಿ ತಟ್ಟುವ ಸದ್ದು ಕೇಳುತ್ತಿತ್ತು.

"ಅವತ್ತೇ ಹೇಳಬೇಕಿತ್ರಿ" ಎಂದರು.

"ಹೌದು ಸಾರ್. ಹೇಳಬೇಕಿತ್ತು."

"ಆತು, ಈಗ ಅಳತಿ ಹಿಡೀರಿ."

ಮೊದಲು ಬಲಗಡೆಯ ಟ್ರಾನ್ಸ್‌ಫಾರ್ಮರ್. ಮೀಟರಿನಲ್ಲಿ ನೂರ ಎಂಬತ್ತೆರಡು ಓಮ್. ಎಡಗಡೆಯದರ ಮೇಲೆ ಕಡ್ಡಿ ಇಡುವಾಗ ಒಂದು ಸಲ ಗುರಿ ತಪ್ಪಿತು. ಮತ್ತೆ ಇಟ್ಟರು. ಅಂಕಿ ಓಡಿ ಓಡಿ ನಿಂತಿತು. ಅವರಿಗೆ ಮಸುಕಾಗಿ ಕಂಡಿತು.

"ಎಷ್ಟಿದೆ ನೋಡಮ್ಮ ಕಾವ್ಯಾ."

"ನೂರ ಎಂಬತ್ನಾಲ್ಕು ಆಂಟಿ."

"ಇನ್ನೊಂದ್ಸಲ ನೋಡು."

"ನೂರ ಎಂಬತ್ನಾಲ್ಕೇ."

ಪಂಕಜಾ ಮೀಟರನ್ನು ಮಡಿಲಲ್ಲಿಟ್ಟುಕೊಂಡು ಸೋಫಾಕ್ಕೆ ಒರಗಿದರು. "ಎರಡೂ ಹೆಚ್ಚುಕಮ್ಮಿ ಒಂದೇ. ಟ್ರಾನ್ಸ್‌ಫಾರ್ಮರ್ ಬದುಕಿದೆ ಸಾರ್" ಎಂದರು. ಮುರಿಗೆಪ್ಪ ಮಜ್ಜಿಗೆಯ ಲೋಟವನ್ನು ಅವರ ಕಡೆ ಸರಿಸಿದರು.

ಆಮೇಲಿನದು ಹುಡುಕುವ ಕೆಲಸ, ಅದಕ್ಕೆ ಭಯ ಬೇಕಿರಲಿಲ್ಲ. ದನಿ ಸ್ವಚ್ಛವಾಗಿದ್ದು ಬರೀ ಅರ್ಧಕ್ಕೆ ಇಳಿದರೆ ಎಲ್ಲಿ ನೋಡಬೇಕೆಂದು ಪಂಕಜಾರಿಗೆ ಗೊತ್ತಿತ್ತು. ಮೊದಲ ವಾಲ್ವಿನ ಬುಡದಲ್ಲಿ ಬೆರಳಿನ ಗೆಣ್ಣಿನಷ್ಟು ಸಣ್ಣ ಕೆಪಾಸಿಟರ್ ಒಂದಿರುತ್ತದೆ. ಅದರ ಸಂಪರ್ಕ ತಪ್ಪಿದರೆ ವಾಲ್ವು ದನಿಯನ್ನು ಪೂರ್ತಿ ಹಿಗ್ಗಿಸುವುದಿಲ್ಲ. ಕಾವ್ಯಾ ಮೊಬೈಲಿನ ಟಾರ್ಚ್ ಹಿಡಿದಳು. ಪಂಕಜಾ ಮರದ ಕಡ್ಡಿಯಿಂದ ಅದನ್ನು ಮೆಲ್ಲಗೆ ತಳ್ಳಿದರು. ಕೆಪಾಸಿಟರಿನ ಕಾಲು ಅಲ್ಲಾಡಿತು. ಬೆಸುಗೆ ಕಾಲಿನ ಸುತ್ತ ಉಂಗುರದ ಹಾಗೆ ಕೂತಿತ್ತು, ಕಚ್ಚಿಕೊಂಡಿರಲಿಲ್ಲ. ಬಿಸಿಯಾಗಿ ತಣ್ಣಗಾಗಿ, ಹತ್ತು ದಿನದಲ್ಲಿ ಬಿಟ್ಟುಕೊಂಡಿತ್ತು.

"ಇದನ್ನ ಯಾರು ಹಾಕಿದ್ದು ಆಂಟಿ? ಹಿಂದೆ ರಿಪೇರಿ ಮಾಡಿದವರಾ?"

"ಅಲ್ಲಮ್ಮ, ನಾನೇ. ಒಂದು ಕಣ್ಣಿನ ಪೊರೆ ತೆಗೆಸಿದೀನಿ, ಇನ್ನೊಂದು ಬಾಕಿ ಇದೆ. ಭೂತಗನ್ನಡಿ ಹಿಡಿದು ನೋಡಬೇಕಿತ್ತು, ನೋಡ್ಲಿಲ್ಲ."

ಮುರಿಗೆಪ್ಪ ಗಟ್ಟಿಯಾಗಿ ನಕ್ಕುಬಿಟ್ಟರು. "ಮೂವತ್ತು ವರ್ಷ ಹುಡುಗರಿಗೆ ಬೆಸುಗಿ ಹಾಕೋದು ಕಲಿಸೀನ್ರಿ. ನಾನು ಹಾಕಿದ್ದೇ ಎಷ್ಟು ಬಿಟ್ಟಾವೋ ಲೆಕ್ಕಿಲ್ಲ. ಹಾಕ್ರಿ, ಹಾಕ್ರಿ."

ಹಳೆಯ ಬೆಸುಗೆ ತೆಗೆದು, ಕಾಲನ್ನು ಕೆರೆದು ಹೊಳಪು ಮಾಡಿ, ಪಂಕಜಾ ಹೊಸದಾಗಿ ಬೆಸೆದರು. ಜೊತೆಗೆ ತಾವು ಹಾಕಿದ್ದ ಉಳಿದ ಬೆಸುಗೆಗಳನ್ನೆಲ್ಲ ಕಾವ್ಯಾಳ ಕಣ್ಣಿನಿಂದ ಒಂದೊಂದಾಗಿ ನೋಡಿಸಿದರು. ಬಲಗಡೆ ಇನ್ನೊಂದು ಅನುಮಾನದ್ದು ಸಿಕ್ಕಿತು, ಅದನ್ನೂ ಮಾಡಿದರು.

ಈ ಸಲ ರೆಕಾರ್ಡು ಹಾಕಿದಾಗ ಗಾಯಕಿಯ ದನಿ ಎರಡು ಸ್ಪೀಕರುಗಳ ನಡುವಿನ ಖಾಲಿ ಜಾಗದಲ್ಲಿ, ಟೀಪಾಯಿಯ ಮೇಲೆ, ಯಾರೋ ಬಂದು ಕೂತು ಹಾಡಿದಂತೆ ನಿಂತಿತು. ಮಹಾದೇವಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು. "ಈಗ ಸರಿ ಕೇಳ್ತೈತಿ ನೋಡ್ರಿ. ಏಳ್ರಿ, ರೊಟ್ಟಿ ಆರ್ತಾವು."

ಪಂಕಜಾ ಬದನೆಕಾಯಿ ಎಣ್ಣೆಗಾಯಿ ಹಚ್ಚಿಕೊಂಡು ಮೂರು ರೊಟ್ಟಿ ತಿಂದರು. ಮೊಸರನ್ನ ಬೇಡವೆಂದು, ಬಡಿಸಿದ ಮೇಲೆ ಅದನ್ನೂ ತಿಂದರು.

ವಾಪಸು ಬರುವಾಗ ಮೆಜೆಸ್ಟಿಕ್‌ನಲ್ಲಿ ಹತ್ತಿದ ರೈಲಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಯಶವಂತಪುರ ದಾಟಿದ್ದು ನೆನಪಿದೆ, ಆಮೇಲೆ ಇಲ್ಲ. ಚೀಲದಲ್ಲಿ ಫೋನು ಹೊಡೆದುಕೊಂಡಾಗ ಬೆಚ್ಚಿ ಎದ್ದರು.

"ಎಲ್ಲಿದ್ದೀಯೇ? ಏನಾಯ್ತು?" ಶ್ಯಾಮಸುಂದರರ ದನಿಯಲ್ಲಿ ಗಾಬರಿ.

ಪಂಕಜಾ ಹೊರಗೆ ನೋಡಿದರು. ಗಾಡಿ ಖಾಲಿಯಾಗಿತ್ತು, ಬಾಗಿಲು ತೆರೆದಿತ್ತು. ಬೋರ್ಡು ಮಾದಾವರ ಎನ್ನುತ್ತಿತ್ತು. ಕೊನೆಯ ನಿಲ್ದಾಣ.

"ಎಲ್ಲಾ ಸರಿಹೋಯ್ತು ರೀ. ನಿದ್ದೆ ಬಂದ್ಬಿಟ್ಟು ದಾಸರಹಳ್ಳಿ ದಾಟಿ ಮಾದಾವರಕ್ಕೆ ಬಂದ್ಬಿಟ್ಟಿದೀನಿ" ಎಂದವರು, ತಡೆಯಲಾರದೆ ನಗತೊಡಗಿದರು.